ಬೀಗ ಬಂತು, ಕುರ್ಚಿ ಹುಡುಕಿತು

ನಾನು ಶಿರಸಿಯಲ್ಲಿ ಮದುವೆ ವಿಡಿಯೋ ಮಾಡುವವಳು. ಬೇರೆಯವರ ಮದುವೆಯಲ್ಲಿ ಬೇರೆಯವರು ಅಳುವುದನ್ನು ಕತ್ತರಿಸಿ, ಜೋಡಿಸಿ, ಹಿಂದೊಂದು ಕೊಳಲು ಹಾಕಿ ಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತೆಂದರೆ, "ಆ ಹಾಡೊಂದು ತೆಗೆದುಬಿಡಿ." ಯಾವ ಹಾಡು ಎಂದು ನಾನು ಕೇಳುವುದಿಲ್ಲ. ಬೀಗರ ಹಾಡು. ಗಂಡಿನ ಕಡೆಯವರು ಊಟಕ್ಕೆ ಪಂಕ್ತಿಯಲ್ಲಿ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಎದುರಿಗೇ ನಿಂತು ಅವರ ಹೊಟ್ಟೆ, ಬೋಳುತಲೆ, ಜಿಪುಣತನ, ಗೊರಕೆ ಎಲ್ಲವನ್ನೂ ರಾಗವಾಗಿ ಬೈಯುವ ಹಾಡು. ಗಂಡಿನ ಕಡೆಯ ಹೆಂಗಸರು ಅದಕ್ಕೆ ಹಾಡಿನಲ್ಲೇ ತಿರುಗಿ ಬೈಯಬೇಕು. ಬೈಯದಿದ್ದರೆ ಸೋತ ಹಾಗೆ. ಮಂಟಪದಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ವಿಡಿಯೋ ಕೈಗೆ ಬರುವ ಹೊತ್ತಿಗೆ ಮಾತ್ರ ಮಾನ ಮರ್ಯಾದೆ ನೆನಪಾಗುತ್ತದೆ.

ತೆಗೆದ ಹಾಡುಗಳನ್ನು ನಾನು ಎಸೆಯುತ್ತಿರಲಿಲ್ಲ. ಮದುವೆಗಳಿಲ್ಲದ ಒಂದು ಆಷಾಢದಲ್ಲಿ ಅವನ್ನೆಲ್ಲ ಒಟ್ಟಿಗೆ ನೋಡುತ್ತ ಕೂತೆ. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಇಷ್ಟು ಒಳ್ಳೆಯ ಬೈಗುಳವನ್ನು ನನ್ನ ಕೈಯಿಂದಲೇ ಕತ್ತರಿಸಿ ಹಾಕಿಸಿದರಲ್ಲ ಎಂಬ ಸಿಟ್ಟು. ಆ ಸಿಟ್ಟಿನಲ್ಲೇ ಒಂದು ಸಾಕ್ಷ್ಯಚಿತ್ರ ಮಾಡಲು ಹೊರಟೆ. ಸಾಕ್ಷ್ಯಚಿತ್ರ ಎಂದ ಕೂಡಲೇ ಅಜ್ಜಿಯ ಕೈಯ ಸುಕ್ಕು, ಒಲೆಯ ಹೊಗೆ, ಹಿಂದೆ ತಂಬೂರಿ ಎಂದುಕೊಳ್ಳುವವರು ಬಹಳ ಮಂದಿ. ನನಗೆ ಅದು ಬೇಡವಾಗಿತ್ತು. ನೋಡಿದವರು ನಗಬೇಕು, ನಕ್ಕವರಿಗೆ ಸ್ವಲ್ಪ ಉರಿಯಬೇಕು. ಬೇಕೆಂದೇ ಹಾಗೆ ಮಾಡಿದೆ, ಈಗಲೂ ಅದನ್ನು ಮುಚ್ಚಿಡುವುದಿಲ್ಲ.

ನಾನು ಹುಟ್ಟಿದ್ದು ಬನವಾಸಿ ಕಡೆ. ಕೆಲಸಕ್ಕೆಂದು ತೋಟದ ಸೀಮೆಯ ಮನೆಗಳಿಗೆ ಹೋಗಲು ಶುರುಮಾಡಿದಾಗ ಅವರ ಮನೆಮಾತಿನಲ್ಲಿ ಒಂದು ಸಂಗತಿ ಕಿವಿಗೆ ಬಡಿಯಿತು. ಗಂಡಸರು ಬರುತ್ತಾರೆ, ಹೋಗುತ್ತಾರೆ. ಹೆಂಗಸರು ಮಾತ್ರ 'ಬಂತು', 'ಹೋತು'. ಅತ್ತೆ ಬಂತು, ಅತ್ತಿಗೆ ಉಂಡ್ತು. ಅದರಲ್ಲಿ ಅಗೌರವವೇನಿಲ್ಲ, ರೂಢಿ ಅಷ್ಟೇ ಎಂದು ಎಲ್ಲರೂ ಹೇಳುತ್ತಾರೆ. ರೂಢಿಯಾದರೆ ಒಳ್ಳೆಯದೇ ಆಯಿತು, ಗಂಡಸರಿಗೂ ಆಗಲಿ ಎಂದುಕೊಂಡೆ. ಚಿತ್ರದ ನಿರೂಪಣೆಯನ್ನು ನನ್ನ ದನಿಯಲ್ಲೇ, ಒಂಚೂರೂ ನಗದೆ, ಕಾಡುಪ್ರಾಣಿಗಳ ಬಗ್ಗೆ ಹೇಳುವವರ ಧಾಟಿಯಲ್ಲಿ ಓದಿದೆ. "ಬೀಗ ಬಂತು. ಕುರ್ಚಿ ಹುಡುಕಿತು. ಮುಂದಿನ ಸಾಲಿನದೇ ಬೇಕಿತ್ತು. ಕೂತಿತು. ಕಾಫಿ ಬರಲಿಲ್ಲವೆಂದು ಕೆಮ್ಮಿತು." ನಮ್ಮ ಕಡೆಯವರನ್ನೂ ಬಿಡಲಿಲ್ಲ. ನನ್ನ ಸೋದರಮಾವ ಒಂದು ಮದುವೆಯಲ್ಲಿ ಬೂಂದಿ ಲಾಡು ಕಿಸೆಗೆ ಇಳಿಸಿದ್ದು ನನ್ನ ಕ್ಯಾಮರಾದಲ್ಲಿತ್ತು. ಅದೂ ಹೋಯಿತು ಚಿತ್ರಕ್ಕೆ, "ಮಾವ ಆಚೀಚೆ ನೋಡಿತು" ಎಂಬ ವಿವರಣೆಯೊಂದಿಗೆ. ಮಾವ ಫೋನ್ ಮಾಡಿ, "ಅಲ್ವಾ ತಂಗಿ, ನನ್ನ ದನಾ ಮಾಡಿಬಿಟ್ಟೆಲ್ಲಾ" ಎಂದರು, ಅಷ್ಟಕ್ಕೇ ಬಿಟ್ಟರು.

ಚಿತ್ರದ ನಡುವೆ ಇದ್ದದ್ದು ಒಂದು ಮದುವೆ. ಉಮ್ಮಚಗಿ ಕಡೆಯ ಒಬ್ಬ ಹೆಂಗಸು, ಎಲ್ಲರೂ 'ಹಾಡುವ ಅತ್ತೆ' ಎಂದೇ ಕರೆಯುವವರು, ತಾಯಿಯಿಲ್ಲದ ತಮ್ಮನ ಮಗಳನ್ನು ತಾವೇ ಸಾಕಿ ದೊಡ್ಡದು ಮಾಡಿದ್ದರು. ಆ ಹುಡುಗಿಯನ್ನು ಸಿದ್ದಾಪುರ ರಸ್ತೆಯ ಒಂದು ಊರಿಗೆ ಕೊಟ್ಟರು. ಹುಡುಗನ ಅಪ್ಪ ಊರಿನ ಸಂಘವೊಂದರ ಅಧ್ಯಕ್ಷರು. ಗಾತ್ರ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವರು ಪಂಕ್ತಿಯಲ್ಲಿ ಕೂತಾಗ ಹಾಡುವ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತು ಹಾಡಿದ್ದು ಇದು:

ಬೀಗರ ಹೊಟ್ಟೆ ನೋಡಿ ಅಡಿಗೆಯವ ಬೆಚ್ಚಿದ
ಕಡಾಯಿ ತೊಳೆಯೋದ್ಯಾಕೆ, ಇವರೇ ನೆಕ್ಕಲಿ ಅಂದ
ಬೀಗರು ಮಲಗೋಕೆ ಹಾಸಿಗೆ ಎರಡಂತೆ
ಹೊಟ್ಟೆಗೊಂದು, ತಮಗೊಂದು, ಹೆಂಡತಿ ಜಗಲಿಗಂತೆ

ಪಂಕ್ತಿಯೇ ನಕ್ಕಿತು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಎಲ್ಲರೂ ಗಂಡಿನ ಕಡೆಯ ಉತ್ತರಕ್ಕೆ ಕಾದರು. ಉತ್ತರ ಬರಲಿಲ್ಲ. ಅವರು ದೊಡ್ಡ ದೊಡ್ಡ ಸ್ಪೀಕರ್ ತಂದಿದ್ದರು, ಹಾಡು ಬರುವ ಹೆಂಗಸರನ್ನು ತಂದಿರಲಿಲ್ಲ. ನನ್ನ ಕ್ಯಾಮರಾ ಪಂಕ್ತಿಯ ಉದ್ದಕ್ಕೂ ನಿಧಾನವಾಗಿ ಸರಿಯಿತು. ಒಬ್ಬರು ಹಪ್ಪಳ ಪುಡಿ ಮಾಡುತ್ತಿದ್ದರು, ಒಬ್ಬರು ನೀರಿನ ಲೋಟದೊಳಗೆ ನೋಡುತ್ತಿದ್ದರು, ಒಬ್ಬರು ಪಕ್ಕದವರ ಮುಖ ನೋಡಿದರೆ ಪಕ್ಕದವರು ಅದಕ್ಕೂ ಪಕ್ಕದವರನ್ನು ನೋಡುತ್ತಿದ್ದರು. ಆ ಶಾಟಿಗೆ ನಾನು ಸಂಗೀತ ಹಾಕಲಿಲ್ಲ, ನಿರೂಪಣೆಯನ್ನೂ ಹಾಕಲಿಲ್ಲ. ಇಡೀ ಚಿತ್ರದಲ್ಲಿ ನನಗೆ ಹೆಮ್ಮೆಯೆನಿಸಿದ್ದು ಅದೊಂದೇ ಶಾಟು.

ಚಿತ್ರದಲ್ಲಿ ಬರುವ ಪ್ರತಿ ಮನೆಗೂ ಹೋಗಿ ಕೇಳಿಯೇ ಹಾಕಿದ್ದೆ. ಅಧ್ಯಕ್ಷರು, "ಹಾಕಿ ಮಾರಾಯ್ರೆ, ಹಾಸ್ಯ ಅಲ್ವಾ. ನನ್ನ ಮುಖ ಚೊಲೋ ಬಂದ್ರೆ ಸಾಕು" ಎಂದಿದ್ದರು.

ಮೊದಲ ಪ್ರದರ್ಶನ ಶಿರಸಿಯ ಒಂದು ಸಭಾಭವನದಲ್ಲಿ. ಪ್ರೊಜೆಕ್ಟರ್ ಮತ್ತು ಕ್ಯಾಮರಾ ನೋಡಿಕೊಳ್ಳುವವನು ನನ್ನ ಪಾಲುದಾರ, ಶಿರಸಿ ಪೇಟೆಯವನು, ಜಗಳ ಎಂದರೆ ದೂರ ಓಡುವವನು. ನಾನು ಪರದೆಯ ಬುಡದಲ್ಲಿ ಒಂದು ರೆಕಾರ್ಡರನ್ನು ಜನರ ಕಡೆ ಮುಖ ಮಾಡಿ ಇಟ್ಟೆ, ಹಿಂದಿನ ಗೋಡೆಯ ಹತ್ತಿರ ಇನ್ನೊಂದು. ಜನ ಎಲ್ಲಿ ನಗುತ್ತಾರೆ, ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ಕುರ್ಚಿ ಕಿರುಗುಟ್ಟುತ್ತದೆ ಎಂದು ದಾಖಲಿಸಿಕೊಂಡು, ಎಡಿಟಿಂಗ್ ಮಾಡುವಾಗ ಚಿತ್ರದ ಧ್ವನಿಯ ಕೆಳಗೆ ಆ ಧ್ವನಿಯನ್ನೂ ಹಾಸಿ ನೋಡುವುದು ನನ್ನ ಪದ್ಧತಿ. ಕಂಪ್ಯೂಟರಿನಲ್ಲಿ ಧ್ವನಿ ಒಂದು ಗೆರೆಯಾಗಿ ಕಾಣುತ್ತದೆ, ನಗು ಬಂದಲ್ಲಿ ಆ ಗೆರೆ ಗುಡ್ಡದ ಹಾಗೆ ಏಳುತ್ತದೆ. ಜನ ಬಾಯಲ್ಲಿ ಹೇಳುವ ಅಭಿಪ್ರಾಯಕ್ಕಿಂತ ನನಗೆ ಈ ಗೆರೆಯ ಮೇಲೆ ನಂಬಿಕೆ ಜಾಸ್ತಿ.

ಜನ ನಕ್ಕರು. ಅದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ದೀಪ ಹತ್ತಿದ ಮೇಲೆ ತಾವು ನಕ್ಕದ್ದನ್ನು ಒಬ್ಬರೂ ಒಪ್ಪಲಿಲ್ಲ. ಒಬ್ಬರು ಸಂಸ್ಕೃತಿಗೆ ಅವಮಾನ ಎಂದರು. ಇನ್ನೊಬ್ಬರು, ಪಟ್ಟಣದಲ್ಲಿ ಓದಿ ಬಂದವರು, ಹೆಂಗಸರನ್ನು ಒರಟಾಗಿ ತೋರಿಸಿದ್ದೀರಿ ಎಂದರು. ಹೆಂಗಸರೇ ತಮ್ಮಷ್ಟಕ್ಕೆ ಒರಟಾಗಿ ಹಾಡಿದ್ದನ್ನು ನಾನೇನು ಸೋಸಿ ಕೊಡಲೇ ಎಂದು ಕೇಳಿದೆ. ದಪ್ಪ ಕನ್ನಡಕದ ಹಿರಿಯರೊಬ್ಬರು ಎದ್ದು ನಿಂತರು.

"ಬೈಗುಳ ಎಲ್ಲ ಇರ್ಲಿ. ಗಂಡಸ್ರಿಗೆ 'ಬಂತು, ಕೂತಿತು' ಅಂತ ಹೇಳೋದಾ? ನಾವೆಂತ ಕೊಟ್ಟಿಗೇಲಿ ಇರೋದಾ?"

ನಾನು ಉತ್ತರ ಕೊಡುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೂತಲ್ಲಿಂದಲೇ, 'ನಮಗೆ' ಎನ್ನಲು 'ಎಂಗಕ್ಕೆ' ಎನ್ನುವ ಆ ಮನೆಮಾತಿನಲ್ಲೇ ಹೇಳಿದರು.

"ಎಂಗಕ್ಕೆ ದಿನಾ ಬಂತು, ಹೋತು, ಉಂಡ್ತು ಹೇಳ್ತಿ ಅಲ್ದಾ. ಒಂದು ದಿನ ನಿಂಗಕ್ಕೂ ಹೇಳ್ಲಿ ಬಿಡಿ."

ಹೆಂಗಸರ ಕಡೆ ನಗು ಹೊರಳಿತು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಹೆಂಡತಿಯ ಜೊತೆ ಕೂತಿದ್ದ ಅಧ್ಯಕ್ಷರು ಎಲ್ಲ ಖಾಲಿಯಾಗುವವರೆಗೆ ಕಾದು ಪ್ರೊಜೆಕ್ಟರ್ ಹತ್ತಿರ ಬಂದರು.

"ಆ ಹಾಡು ತೆಗೀಬೇಕು."

"ನೀವೇ ಹಾಕಿ ಅಂದಿದ್ರಿ."

"ಹಾಡು ಹಾಕಿ ಅಂದೆ. ಹೀಗೆ ಹಾಕಿ ಅನ್ಲಿಲ್ಲ."

"ಹೀಗೆ ಅಂದ್ರ ಹೆಂಗ್ರಿ?"

ಅವರು ಎರಡು ಸಲ ಬಾಯಿ ತೆರೆದರು. "ತೆಗೀರಿ ಅಷ್ಟೇ" ಎಂದು ಹೊರಟರು. ಅವರ ಹೆಂಡತಿ ನನ್ನನ್ನು ಒಂದು ಕ್ಷಣ ನೋಡಿ ಹಿಂದೆ ನಡೆದರು.

ಎರಡು ದಿನ ಬಿಟ್ಟು ಹಾಡುವ ಅತ್ತೆ ಫೋನ್ ಮಾಡಿದರು. ಅವರ ಹುಡುಗಿಗೆ ಈಗ ದಿನ ತುಂಬುತ್ತಿತ್ತು, ಗಂಡನ ಮನೆಯಲ್ಲಿ ಬಯಕೆ ಊಟ ಇಟ್ಟುಕೊಂಡಿದ್ದರು. ಬಸುರಿಗೆ ಆಸೆಪಟ್ಟದ್ದನ್ನೆಲ್ಲ ಮಾಡಿ ಬಡಿಸುವ ಆ ಊಟಕ್ಕೆ ತಾಯಿಯ ಜಾಗದಲ್ಲಿ ನಿಲ್ಲಬೇಕಾದವರು ಈ ಅತ್ತೆ. ಹಾಡು ತೆಗೆಯುವ ತನಕ ಅವರು ಮೆಟ್ಟಿಲು ಹತ್ತಬಾರದು ಎಂದು ಅಧ್ಯಕ್ಷರು ಹೇಳಿ ಕಳಿಸಿದ್ದರು.

"ಕೂಸು ಫೋನಲ್ಲಿ ಅತ್ತು ಕರೀತು" ಎಂದರು ಅತ್ತೆ, ಅವರ ಮಾತಿನಲ್ಲಿ ಕೂಸು ಎಂದರೆ ಹುಡುಗಿ. "ಆನು ಎಂತ ಹೇಳ್ಲಿ?"

ನಿಮಗೆ ಬೇಕಾದರೆ ತೆಗೆದುಬಿಡುತ್ತೇನೆ ಅತ್ತೆ, ನಿಮ್ಮ ಹಾಡು, ನಿಮ್ಮ ಮಾತೇ ಕೊನೆ ಎಂದೆ. ಬೇಡವೇ ಬೇಡ ಎಂದರು ಅವರು.

"ತೆಗೀಯಡ. ನೀ ತೆಗೆದ್ರೆ ಆನು ತಪ್ಪು ಮಾಡಿದ್ದೆ ಹೇಳಿ ಆಗ್ತು. ಪಂಕ್ತಿಲಿ ಹಾಡಿದ್ದು, ಕದ್ದು ಹಾಡಿದ್ದಲ್ಲ. ಆದ್ರೆ ಆ ಊಟಕ್ಕೆ ಎಂಗೆ ಹೋಗವು ಮಾರಾಯ್ತಿ. ಅದಕ್ಕೆ ಎಂತ ಮಾಡ್ತೆ ನೀ?"

ಹಾಡೂ ಉಳಿಯಬೇಕು, ಅತ್ತೆ ಆ ಮನೆಯ ಮೆಟ್ಟಿಲೂ ಹತ್ತಬೇಕು. ನನ್ನ ಕುತ್ತಿಗೆಗೆ ಬಿದ್ದದ್ದು ಇದು.

ಪಾಲುದಾರ ಒಂದು ಉಪಾಯ ಹೇಳಿದ. "ಪೂರ್ತಿ ತೆಗೀಬೇಡ, ಬೀಪ್ ಹಾಕು. ಹೊಟ್ಟೆ, ಹಾಸಿಗೆ, ಹೆಂಡತಿ ಬಂದಲ್ಲೆಲ್ಲ ಒಂದೊಂದು ಬೀಪ್. ಊರಲ್ಲಿ ಇರೋದಾ ಬೇಡ್ವಾ ನಾವು?" ನನಗೆ ಇಷ್ಟವಿರಲಿಲ್ಲ. ಆದರೆ ಹುಡುಗಿ ಅತ್ತದ್ದು ತಲೆಯಲ್ಲಿತ್ತು. ಸಿದ್ದಾಪುರದ ಪ್ರದರ್ಶನ ಹತ್ತಿರ ಬಂದಿತ್ತು, ಬೀಪ್ ಹಾಕಿದೆ.

ಅದು ಹೇಗಾಯಿತು ಎಂದು ಕೇಳಿ. "ಬೀಗರ ಬೀಪ್ ನೋಡಿ ಅಡಿಗೆಯವ ಬೆಚ್ಚಿದ" ಎಂದದ್ದೇ ತಡ, ಸಿದ್ದಾಪುರದ ಸಭಾಂಗಣ ಕುರ್ಚಿಯಿಂದ ಕೆಳಗೆ ಬೀಳುವುದೊಂದು ಬಾಕಿ. ಅಡಿಗೆಯವ ಬೆಚ್ಚಿ ಬೀಳುವಂಥದ್ದು ಬೀಗರಲ್ಲಿ ಏನಿರಬಹುದು ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಯೋಗ್ಯತೆಗೆ ತಕ್ಕಂತೆ ಊಹಿಸಿಕೊಂಡರು. ಮುಂದಿನ ಸಾಲಿನಲ್ಲಿ ಅದನ್ನು ನೆಕ್ಕುವ ಮಾತು ಬೇರೆ ಬರುತ್ತಿತ್ತು. ಹೊಟ್ಟೆಯ ಹಾಡು ಹೋಗಿ ಬಾಯಲ್ಲಿ ಹೇಳಲಾಗದ ಹಾಡಾಯಿತು. ಮರುದಿನ ಬೆಳಿಗ್ಗೆಯೇ ಅಧ್ಯಕ್ಷರ ಫೋನು.

"ಬೀಪ್ ಒಳಗೆ ಎಂತ ಇತ್ತು ಅಂತ ಊರಿಡೀ ಕೇಳ್ತಾ ಇದೆ. ನನ್ನ ಮನೆಯವಳ ಹೆಸರಿತ್ತು ಅಂತ ಒಬ್ಬ ಹೇಳ್ತಾನೆ. ನೀವು ನನ್ನ ಮಾನ ಉಳಿಸಿದ್ದಾ ಇದು?"

ಆ ಬೀಪ್‌ಗಳನ್ನು ಅವತ್ತೇ ಕಿತ್ತು ಎಸೆದೆ. ಮುಚ್ಚುವುದರಲ್ಲಿ ಇರುವ ಕೊಳಕು ಬೈಗುಳದಲ್ಲಿ ಇಲ್ಲ, ಇದನ್ನು ಸಿದ್ದಾಪುರ ನನಗೆ ಕಲಿಸಿತು. ಇನ್ನು ಮುಂದೆ ಯಾರು ಏನೇ ಅಂದರೂ ಬೀಪ್ ಹಾಕುವುದಿಲ್ಲ ಎಂದು ಪಾಲುದಾರನಿಗೆ ಹೇಳಿದೆ. ಅವನು ಹಣೆ ಚಚ್ಚಿಕೊಂಡ.

ಮುಂದಿನ ಪ್ರದರ್ಶನ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ. ಅದಕ್ಕೆ ಮೊದಲು ಶಿರಸಿಯ ರೆಕಾರ್ಡಿಂಗನ್ನು ಚಿತ್ರದ ಕೆಳಗೆ ಹಾಸಿ ಮಧ್ಯಾಹ್ನವಿಡೀ ಕೂತೆ. ಅಧ್ಯಕ್ಷರಿಗೆ ನಿಜವಾಗಿ ನೋವಾದದ್ದು ಎಲ್ಲಿ ಎಂದು ನನಗೆ ತಿಳಿಯಬೇಕಿತ್ತು. 'ಹೀಗೆ ಹಾಕಿ ಅನ್ಲಿಲ್ಲ' ಎಂಬ ಅವರ ಮಾತು ಕಿವಿಯಿಂದ ಹೋಗಿರಲಿಲ್ಲ. ಹೊಟ್ಟೆಯ ಸಾಲಿಗೆ ಗೆರೆ ಎದ್ದಿತ್ತು. ಕಡಾಯಿ ನೆಕ್ಕುವಲ್ಲಿ ಇನ್ನೂ ಎದ್ದಿತ್ತು. ಮುಂದಿನ ಸಾಲಿನ ಹತ್ತಿರದ ರೆಕಾರ್ಡರಿನಲ್ಲಿ ಒಂದು ದೊಡ್ಡ ಗಂಟಲು ಬೇರೆಯಾಗಿಯೇ ಕೇಳುತ್ತಿತ್ತು, ಅದು ಅಧ್ಯಕ್ಷರದೇ. ಹಾಸಿಗೆಯ ಸಾಲಿಗೂ ಅವರು ನಕ್ಕಿದ್ದರು. ಹಾಡು ಮುಗಿಯಿತು. ಆಮೇಲೆ ನನ್ನ ಹೆಮ್ಮೆಯ ಶಾಟು, ಉತ್ತರವಿಲ್ಲದ ಪಂಕ್ತಿ. ಅಲ್ಲಿ ಜನ ಎಲ್ಲಕ್ಕಿಂತ ಜೋರಾಗಿ ನಕ್ಕಿದ್ದರು, ಆ ದೊಡ್ಡ ಗಂಟಲು ಮಾತ್ರ ಇರಲಿಲ್ಲ. ಅಲ್ಲಿಂದ ಚಿತ್ರದ ಕೊನೆಯವರೆಗೂ ಅದು ಮತ್ತೆ ಕೇಳಲೇ ಇಲ್ಲ.

ಅಂದರೆ ಅತ್ತೆಯ ಹಾಡು ಅವರನ್ನು ಚುಚ್ಚಿರಲಿಲ್ಲ. ಚುಚ್ಚಿದ್ದು ನಾನು. ಮದುವೆ ಮನೆಯಲ್ಲಿ ಉತ್ತರ ಕೊಡದಿದ್ದ ಸೋಲು ಚಪ್ಪರ ಬಿಚ್ಚಿದ ಮೇಲೆ ಮುಗಿದುಹೋಗಿತ್ತು. ನಾನು ಅದನ್ನು ಊರೂರಿಗೆ ಹೊತ್ತು ತಿರುಗಿ ಪ್ರತಿ ಸಲವೂ ಅವರನ್ನು ಹೊಸದಾಗಿ ಸೋಲಿಸುತ್ತಿದ್ದೆ. ಮಂಟಪದಲ್ಲಾದರೆ ನಾಳೆಯಾದರೂ ಯಾರಾದರೂ ತಿರುಗಿ ಹಾಡಿಯಾರು. ಪರದೆಗೆ ಎದುರು ಹಾಡುವುದು ಹೇಗೆ?

ಇಷ್ಟು ತಿಳಿದ ಮೇಲೆ ಒಳ್ಳೆಯವರಾದರೆ ಆ ಶಾಟನ್ನು ತೆಗೆದುಬಿಡುತ್ತಿದ್ದರೇನೋ. ನನಗೆ ಮನಸ್ಸು ಬರಲಿಲ್ಲ. ಬೈಗುಳ ತಪ್ಪಲ್ಲ, ಉತ್ತರಕ್ಕೆ ಜಾಗವಿಲ್ಲದ್ದು ತಪ್ಪು. ಹಾಗಾದರೆ ಜಾಗ ಮಾಡೋಣ ಎಂದು ಆ ದಿನದ ಮೂಲ ಕ್ಲಿಪ್ ತೆರೆದೆ. ಪಂಕ್ತಿಯ ತುದಿಗೆ ಬಂದು ನಾನು ಕಟ್ ಮಾಡಿದ್ದೆ. ಅದರಾಚೆಗೂ ಕ್ಯಾಮರಾ ಓಡಿತ್ತು. ಪಂಕ್ತಿಯ ಆ ತುದಿಯಲ್ಲಿ ಕೂತಿದ್ದವರು ಮದುಮಗನ ತಾಯಿ, ಅಧ್ಯಕ್ಷರ ಹೆಂಡತಿ. ಅವರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸುತ್ತಾರೆ. ಬೆನ್ನು ನೆಟ್ಟಗೆ ಮಾಡುತ್ತಾರೆ. ಉಸಿರು ಎಳೆದುಕೊಂಡು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಗಂಡನ ಕಡೆ ಕಣ್ಣು ಹೋಗುತ್ತದೆ. ಗಂಡ ಬೇಡ ಎಂಬಂತೆ ಒಂದು ಬೆರಳು ಅಲ್ಲಾಡಿಸುತ್ತಾರೆ. ಬಾಯಿ ಮುಚ್ಚುತ್ತದೆ. ತುತ್ತು ಮತ್ತೆ ಕೈಗೆ ಬರುತ್ತದೆ.

ನಾನು ಅದನ್ನು ಮತ್ತೆ ಮತ್ತೆ ನೋಡಿದೆ. ಅವರಿಗೆ ಉತ್ತರ ಗೊತ್ತಿತ್ತು. ಇಷ್ಟು ದಿನ ಗೊತ್ತಿಟ್ಟುಕೊಂಡು ನುಂಗಿಕೊಂಡಿದ್ದರು. ನನಗೆ ಬಹಳ ಸಂಕಟವಾಯಿತು, ಅದರ ಜೊತೆಗೇ ಹಟವೂ ಬಂತು. ಶಾಟನ್ನು ಕತ್ತರಿಸಲಿಲ್ಲ. ಉದ್ದ ಮಾಡಿದೆ. ಅವರು ಬಾಯಿ ತೆರೆದಲ್ಲಿ ಚಿತ್ರವನ್ನು ನಿಲ್ಲಿಸಿ, ಶಬ್ದವಿಲ್ಲದೆ ಹಾಗೇ ಬಿಟ್ಟೆ. ಬೆರಳು ಅಲ್ಲಾಡಿಸುವುದು ಬರುವ ಮೊದಲೇ ನಿಲ್ಲಿಸಿದೆ.

"ಇನ್ನೂ ಉದ್ದ ಮಾಡಿದ್ಯಾ? ಅವರು ಬಂದು ಪರದೆ ಹರೀತಾರೆ" ಎಂದ ಪಾಲುದಾರ.

"ಹರೀಲಿ. ಹೊಸಾ ಪರದೆ ತರೋಣಂತ."

ಆದರೆ ಆ ಹೆಂಗಸಿಗೆ ಗೊತ್ತಿಲ್ಲದೆ ತೋರಿಸುವ ಧೈರ್ಯ ಇರಲಿಲ್ಲ. ಅವರ ಮನೆಗೇ ಹೋದೆ. ಅಧ್ಯಕ್ಷರು ಜಗಲಿಯಲ್ಲಿದ್ದರು. ಹೌದು, ಹಾಡಿನ ಅದೇ ಜಗಲಿ. ಕೂತುಕೊಳ್ಳಿ ಎನ್ನಲಿಲ್ಲ, ನಾನೇ ಕೂತೆ. ಅವರ ಹೆಂಡತಿ ಕುಡಿಯಲು ಪಾನಕ ತಂದಿಟ್ಟು ಬಾಗಿಲ ಹತ್ತಿರ ನಿಂತರು. ಒಳಗಿನಿಂದ ಸೊಸೆ ಒಮ್ಮೆ ಇಣುಕಿ ಹೋದಳು, ನಡೆಯುವುದು ಭಾರವಾಗಿತ್ತು.

"ತೆಗೆದ್ರಾ?" ಎಂದರು ಅಧ್ಯಕ್ಷರು.

"ಇಲ್ರಿ. ಉದ್ದ ಮಾಡೀನಿ."

ಅವರು ನನ್ನನ್ನೇ ದಿಟ್ಟಿಸಿದರು. ನಾನು ಲ್ಯಾಪ್‌ಟಾಪ್ ತೆರೆದು, ಅದರ ಮುಖವನ್ನು ಅವರ ಕಡೆಗಲ್ಲ, ಬಾಗಿಲ ಕಡೆಗೆ ತಿರುಗಿಸಿ, ಆ ಭಾಗ ಹಾಕಿದೆ. ಬಾಗಿಲಲ್ಲಿ ನಿಂತವರು ತಮ್ಮದೇ ತೆರೆದ ಬಾಯನ್ನು ನೋಡಿದರು. ಸೆರಗಿನ ತುದಿ ಕೈಗೆ ಬಂತು. ಅಧ್ಯಕ್ಷರು ಎದ್ದು ಬಂದು ಹೆಂಡತಿಯ ಹೆಗಲ ಮೇಲಿಂದ ನೋಡಿದರು. ಗಂಡನ ಮುಖ ಕೆಂಪಾದದ್ದು ಸಿಟ್ಟಿಗೋ ನಾಚಿಕೆಗೋ ತಿಳಿಯಲಿಲ್ಲ.

"ಅಮ್ಮಾ, ಇದನ್ನ ತೋರಿಸ್ಲ್ಯೋ ಬ್ಯಾಡೋ?" ಎಂದು ನಾನು ಅವರನ್ನೇ ಕೇಳಿದೆ. "ಬ್ಯಾಡ ಅಂದ್ರ ಇಲ್ಲೇ ಅಳಸ್ತೀನಿ. ತೋರಿಸಿದ್ರ, ಇಲ್ಲಿ ಬಂದಾಗ ಚಿತ್ರ ನಿಲ್ಲತೈತಿ. ಮೈಕು ಜನರ ಕಡೆ ಹೋಗತೈತಿ. ಯಾರು ಉತ್ತರ ಕೊಟ್ರೂ ಕೊಡಬೌದು."

"ಯಾರು ಕೊಡೋದು? ಆನು ಹಾಡ್ಲಾ?" ಎಂದು ಅಧ್ಯಕ್ಷರು ಗದರಿದರು.

ಹೆಂಡತಿ ಗಂಡನ ಕಡೆ ನೋಡಲಿಲ್ಲ.

"ತೋರ್ಸು" ಎಂದರು. "ಮಂಚಿಕೇರಿಗೆ ಯಂಗನೂ ಬತ್ಯ."

ನಾವೂ ಬರುತ್ತೇವೆ ಎಂದು ಅರ್ಥ. ಲೋಟ ಎತ್ತಿಕೊಂಡು ಒಳಗೆ ಹೋದರು.

ಮಂಚಿಕೇರಿಯ ರಂಗಮಂದಿರ ಭಾನುವಾರ ಮಧ್ಯಾಹ್ನ ತುಂಬಿತ್ತು. ಬೀಪ್ ಕಥೆ ಕೇಳಿ ಬಂದವರು ಅರ್ಧ, ಗಲಾಟೆ ನೋಡಲು ಬಂದವರು ಇನ್ನರ್ಧ. ಕನ್ನಡಕದ ಹಿರಿಯರೂ ಶಿರಸಿಯಿಂದ ಬಂದಿದ್ದರು, ಎರಡನೇ ಸಲ ಬೇಜಾರು ಮಾಡಿಕೊಳ್ಳಲು. ಹಾಡುವ ಅತ್ತೆ ಒಂದು ಮೂಲೆಯಲ್ಲಿ ಕೂತಿದ್ದರು. ಅಧ್ಯಕ್ಷರ ಮನೆಯವರು ಕೊನೆಗಳಿಗೆಯಲ್ಲಿ ಬಂದು ಆ ಬದಿಯ ಮೂಲೆಯಲ್ಲಿ ಕೂತರು. ಬೀಗರು ಬೀಗರ ಮುಖ ನೋಡಲಿಲ್ಲ. ನಾನು ರೆಕಾರ್ಡರ್ ಇಟ್ಟೆ, ಉದ್ದ ತಂತಿಯ ಮೈಕೊಂದನ್ನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತೆ. ಪಾಲುದಾರ ಕ್ಯಾಮರಾ ಹಿಡಿದ.

ಹಾಡು ಬಂತು, ಬೀಪಿಲ್ಲದೆ. ಜನ ನಕ್ಕರು. ಪಂಕ್ತಿ ಬಂತು, ಹಪ್ಪಳ ಪುಡಿಯಾಯಿತು, ಜನ ಇನ್ನೂ ನಕ್ಕರು. ಕ್ಯಾಮರಾ ತುದಿಗೆ ಹೋಯಿತು. ಪರದೆಯ ಮೇಲೆ ಆ ಹೆಂಗಸು ಬಾಯಿ ತೆರೆದರು. ಚಿತ್ರ ನಿಂತಿತು. ಮೊದಲು ಜನ ಪ್ರೊಜೆಕ್ಟರ್ ಕೆಟ್ಟಿತು ಎಂದುಕೊಂಡರು, ಯಾರೋ ಸಿಳ್ಳೆ ಹಾಕಿದರು. ಆಮೇಲೆ ಸಿಳ್ಳೆಯೂ ನಿಂತಿತು. ನಾನು ಮೈಕು ಹಿಡಿದು ಸಾಲುಗಳ ನಡುವೆ ಹೊರಟೆ. ಯಾರೂ ಹಾಡದಿದ್ದರೆ ಅಧ್ಯಕ್ಷರನ್ನು ನಾನು ಇನ್ನೊಂದು ಸಲ, ಊರೆದುರೇ ಸೋಲಿಸಿದ ಹಾಗೆ. ಅತ್ತೆಗೆ ಆ ಮನೆಯ ಬಾಗಿಲು ಶಾಶ್ವತವಾಗಿ ಮುಚ್ಚಿದ ಹಾಗೆ.

ಅಧ್ಯಕ್ಷರ ಹೆಂಡತಿ ಎದ್ದರು. ಮೈಕು ತೆಗೆದುಕೊಳ್ಳಲಿಲ್ಲ, ನಾನು ಹಿಡಿದುಕೊಂಡೇ ಇದ್ದೆ. ಪರದೆಯ ಮೇಲಿನ ತಮ್ಮ ಬಾಯನ್ನು ಒಮ್ಮೆ ನೋಡಿ, ಅಲ್ಲಿಂದಲೇ ಎತ್ತಿಕೊಂಡ ಹಾಗೆ ಹಾಡಿದರು.

ಜಗಲೀಲಿ ಮಲಗಿದ್ದಕ್ಕೆ ಊರೆಲ್ಲ ಕಂಡಿತು
ಬೀಗಿತ್ತಿ ಮನೆಗ್ಯಾರ್ಯಾರು ಹೋದದ್ದು ಕಂಡಿತು
ಹೊಟ್ಟೆಯ ಮಾತಾಡೋ ಬೀಗಿತ್ತಿ ಕೇಳವ್ವ
ನಿನ್ನ ನಾಲಿಗೆ ಸುತ್ತೋಕೆ ಚಾಪೆ ಮೂರು ಬೇಕವ್ವ

ಛಾವಣಿ ಹಾರುವುದೊಂದು ಬಾಕಿ. ಹಾಡುವ ಅತ್ತೆ ಎರಡೂ ಕೈ ಮುಖಕ್ಕೆ ಮುಚ್ಚಿಕೊಂಡು ಕೂತಲ್ಲೇ ಕುಲುಕುತ್ತಿದ್ದರು, ಅಳುತ್ತಿದ್ದಾರೋ ನಗುತ್ತಿದ್ದಾರೋ ಎಂದು ನನಗೆ ಹೆದರಿಕೆಯಾಯಿತು. ಕೈ ತೆಗೆದಾಗ ಎರಡೂ ಆಗಿತ್ತು. ಅಧ್ಯಕ್ಷರು ಹೆಂಡತಿಯನ್ನು ಬೇರೆ ಯಾರನ್ನೋ ನೋಡುವ ಹಾಗೆ ನೋಡುತ್ತಿದ್ದರು. ಅವರ ಬೆರಳು ಅಲ್ಲಾಡಲಿಲ್ಲ. ಹೆಂಡತಿ ನಿಲ್ಲಿಸಲಿಲ್ಲ.

ಬಯಕೆ ಊಟಕ್ಕೆ ಬಾರೆ, ಬೀಗಿತ್ತಿ ತಪ್ಪದೆ
ಬಾಯೊಂದ ಮನೇಲಿಟ್ಟು ಬಾರವ್ವ ಮರೆಯದೆ

ಇಷ್ಟು ಹೊತ್ತು ಹೆದರಿ ಕೂತಿದ್ದ ಅತ್ತೆ ಎದ್ದೇ ಬಿಟ್ಟರು. ಅವರಿಗೆ ಮೈಕು ಯಾವತ್ತೂ ಬೇಕಾಗಿಲ್ಲ.

ಬಾಯಿ ಬಿಟ್ಟು ಬಂದರೆ ಉಂಬೋದು ಯಾವುದರಲಿ
ನಿಮ್ಮನೆ ಸಾರಿನ ನೀರ ಕುಡಿಯೋದು ಯಾವುದರಲಿ

ಆಗ ಮೊದಲು ಕೇಳಿದ್ದು ಆ ದೊಡ್ಡ ಗಂಟಲು. ರೆಕಾರ್ಡರಿನಲ್ಲಿ ಈಗಲೂ ಸ್ಪಷ್ಟವಾಗಿ ಇದೆ. ಅಧ್ಯಕ್ಷರು ತಮ್ಮ ಮನೆಯ ಸಾರಿನ ಬಗ್ಗೆ ತೊಡೆ ತಟ್ಟಿ ನಕ್ಕರು.

ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದೆ ಎಂದು ಬರೆಯಬಹುದಿತ್ತು. ಅಧ್ಯಕ್ಷರ ಹೆಂಡತಿ ಕೂರಲಿಲ್ಲ. ಮೈಕು ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು. ಇಷ್ಟು ಹತ್ತಿರದಿಂದ ಅವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕ್ಯಾಮರಾದ ಕೂಸೊಂದು ಪಂಕ್ತೀಲಿ ಇಣುಕಿತು
ಉಂಡವರ ಬಾಯೆಲ್ಲ ಊರಿಗೆ ತೋರಿಸಿತು
ಎಲ್ಲರ ಬಾಯಿ ತೆರೆಸಿ ತನ್ನದು ಮುಚ್ಚಿತು
ಉತ್ತರ ಕೊಡು ಅಂದ್ರೆ ಗೋಡೆಗೆ ಒರಗಿತು

ಇಣುಕಿತು, ತೋರಿಸಿತು, ಮುಚ್ಚಿತು, ಒರಗಿತು. ನನ್ನ ವ್ಯಾಕರಣವನ್ನೇ ನನಗೆ ತೊಡಿಸಿದ್ದರು. ಕನ್ನಡಕದ ಹಿರಿಯರು ಮೊಟ್ಟಮೊದಲ ಬಾರಿಗೆ ಚಪ್ಪಾಳೆ ಹೊಡೆದರು. ಇಡೀ ರಂಗಮಂದಿರ ನನ್ನ ಕಡೆ ತಿರುಗಿ ಕಾಯಿತು.

"ಎಂತೇ, ಕೊಡೇ ಉತ್ತರ" ಎಂದರು ಹಾಡುವ ಅತ್ತೆ.

ನನಗೆ ಬೈಯಲು ಬರುತ್ತದೆ, ಹಾಡಲು ಬರುವುದಿಲ್ಲ. ಬಾಯಿ ತೆರೆದೆ. ಏನೂ ಬರಲಿಲ್ಲ. ಮುಚ್ಚಿದೆ. ಮೈಕು ನನ್ನ ಕೈಯಲ್ಲೇ ಇತ್ತು.

ಚಿತ್ರ ಮುಗಿದ ಮೇಲೆ ಅಧ್ಯಕ್ಷರು ಪ್ರೊಜೆಕ್ಟರ್ ಹತ್ತಿರ ಬಂದರು. ಆಚೆ ಬೀಗಿತ್ತಿಯರಿಬ್ಬರೂ ಊಟಕ್ಕೆ ಏನೇನು ಮಾಡಬೇಕು ಎಂದು ಮಾತಾಡುತ್ತ ನಿಂತಿದ್ದರು, ಹುಡುಗಿಗೆ ಹಲಸಿನ ಕಡಬಿನ ಆಸೆಯಂತೆ.

"ನಮ್ಮನೆಯವಳು ಹಾಡಿದ್ದು ಸಿಕ್ತಾ?"

"ಪೂರ್ತಿ ಸಿಕ್ಕೇತ್ರಿ."

"ನಿಮ್ಮ ಮುಖ?"

ಪಾಲುದಾರ ನನ್ನ ಕಡೆ ನೋಡದೆ ತಲೆಯಾಡಿಸಿದ. ಕೊನೆಯ ನಾಲ್ಕು ಸಾಲಿಗೆ ಅವನು ಕ್ಯಾಮರಾವನ್ನು ಹಾಡಿದವರ ಮೇಲೆ ಇಟ್ಟಿರಲಿಲ್ಲ, ಆಗಲೂ ಆಮೇಲೂ ಪೂರ್ತಿ ನನ್ನ ಮೇಲೇ ಇಟ್ಟಿದ್ದ.

"ಅದನ್ನ ತೆಗೀಬಾರ್ದು ಮತ್ತೆ" ಎಂದರು ಅಧ್ಯಕ್ಷರು.

ಹಾಡುವ ಅತ್ತೆ ಬಯಕೆ ಊಟಕ್ಕೆ ಹೋಗಿ ಬಂದರು, ಬಾಯಿಯನ್ನೂ ತೆಗೆದುಕೊಂಡೇ ಹೋಗಿದ್ದರಂತೆ. ಚಿತ್ರದ ಮೇಲಿನ ಸಿಟ್ಟು ಮಾತ್ರ ಎಲ್ಲರದ್ದೂ ಹೋಗಿಲ್ಲ. ಇಂಥದ್ದನ್ನು ನಿಲ್ಲಿಸಬೇಕು ಎಂದು ಹೇಳುವವರು ಈಗಲೂ ಇದ್ದಾರೆ, ತಮ್ಮ ಮದುವೆಗೆ ನನ್ನನ್ನು ಕರೆಯದವರೂ ಇದ್ದಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ, ಬನ್ನಿ, ಮೈಕು ಕೊಡುತ್ತೇನೆ, ಬೈಯಿರಿ. ಬೀಪ್ ಹಾಕುವುದಿಲ್ಲ, ಕತ್ತರಿಸುವುದಿಲ್ಲ.

ಚಿತ್ರದ ಕೊನೆಯ ಶಾಟು ಈಗ ನನ್ನದೇ ಮುಖ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಸಂಗೀತ ಹಾಕಿಲ್ಲ, ನಿರೂಪಣೆಯನ್ನೂ ಹಾಕಿಲ್ಲ. ಮೊನ್ನೆ ಶಿರಸಿಯಲ್ಲಿ ಮತ್ತೆ ತೋರಿಸಿದಾಗ ಗೆರೆ ಎಲ್ಲಕ್ಕಿಂತ ಎತ್ತರಕ್ಕೆ ಎದ್ದದ್ದು ಅಲ್ಲಿಯೇ. ನೋಡಲು ಕಷ್ಟವಾಗುತ್ತದೆ, ಸ್ವಲ್ಪ ಚಿಕ್ಕದು ಮಾಡೋಣವಾ ಎಂದು ಪಾಲುದಾರ ಕೇಳಿದ. ನಾನು ಇನ್ನಷ್ಟು ಉದ್ದ ಮಾಡಿದೆ.